ಪೇಟಿಯ ಕೊಂಡಿ ಹಾಕುವ ಮುನ್ನ

ಚಿರಂಜೀವಿ ಮೊಮ್ಮಗಳಿಗೆ ಮುಂಡರಗಿಯಿಂದ ನಿನ್ನ ಅಜ್ಜ ಮಾಡುವ ಆಶೀರ್ವಾದಗಳು.

ಕಛೇರಿಯಲ್ಲಿ ಏನು ನುಡಿಸಲಿ ಎಂದು ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನನಗೆ ಹೇಳಬೇಕಾದದ್ದು ಬಿಟ್ಟು ಬೇರೆಯದೇ ನೆನಪಾಗುತ್ತದೆ. ನಿಮ್ಮಜ್ಜಿ ಚುರುಮುರಿ ಚೂಡಾ ಮಾಡಿ ಡಬ್ಬಿ ತುಂಬುತ್ತಿದ್ದಾಳೆ. ಅದರ ಜೊತೆಗೆ ಈ ಪತ್ರವೂ ನಿನಗೆ ಮುಟ್ಟುತ್ತದೆ.

ನೀನು ಕಳಿಸಿದ ಗಿಟಾರ್ ವಾದನ ಮೂರು ರಾತ್ರಿ ಕೇಳಿದೆ. ವೆಸ್ ಮಾಂಟ್ಗೊಮೆರಿ ಎಂಬ ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಳಲಿಲ್ಲ, ಆದರೆ ಅವರ ಕೈ ನನಗೆ ತಿಳಿಯಿತು. ಒಂದೇ ಸ್ವರವನ್ನು ಎರಡು ಸಪ್ತಕದಲ್ಲಿ ಒಟ್ಟಿಗೇ ನುಡಿಸುತ್ತಾರಲ್ಲ, ಅದು ಕಪ್ಲರ್ ಹಾಕಿದ ನಮ್ಮ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ನಾದ! ಪೇಟಿಯಲ್ಲಿ ಒಂದು ಗುಂಡಿ ಎಳೆದರೆ ಆ ಕೆಲಸ ತಾನೇ ಆಗುತ್ತದೆ. ಅವರು ಎರಡು ತಂತಿ ಒತ್ತಿ, ನಡುವಿನ ತಂತಿಯ ಬಾಯಿ ಮುಚ್ಚಿ, ಬರೀ ಹೆಬ್ಬೆರಳಿನಿಂದ ಮೀಟಿ ಅಷ್ಟು ವೇಗದಲ್ಲಿ ಓಡುತ್ತಾರೆ. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ರಾತ್ರಿ ನೆರೆಯವರ ನಿದ್ದೆ ಕೆಡಬಾರದೆಂದು ಹೆಬ್ಬೆರಳಿನಿಂದ ಮೆಲ್ಲಗೆ ನುಡಿಸುವ ರೂಢಿ ಮಾಡಿಕೊಂಡರು ಎಂದೆಯಲ್ಲ, ಅದನ್ನು ಕೇಳಿ ನಿಮ್ಮಜ್ಜಿಗೆ ಬಹಳ ಸಂತೋಷವಾಯಿತು. ಸ್ವರಲಿಪಿ ಓದಲು ಬಾರದ ಆ ಮನುಷ್ಯ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಗ್ರಾಮಫೋನ್ ತಟ್ಟೆ ಕೇಳಿ ಕೇಳಿ, ಅದನ್ನೇ ಚಾಚೂತಪ್ಪದೆ ನುಡಿಸುತ್ತ ಬೆಳೆದು, ಆಮೇಲೆ ತನ್ನದೇ ದಾರಿ ಹಿಡಿದರಂತೆ. ನಮ್ಮ ಕಡೆಯ ಗುರುಮನೆಗಳಲ್ಲೂ ಹೀಗೇ ನಡೆದುಬಂದಿದೆ ನೋಡು.

1968ರ ಜೂನ್ 15ರಂದು ಮಾಂಟ್ಗೊಮೆರಿ ಅವರು ತೀರಿಕೊಂಡಾಗ ವಯಸ್ಸು ಬರೀ 45. ಆ ನೆನಪಿಗೇ ನೀವು ಗಿಟಾರಿನವರೆಲ್ಲ ಸೇರಿ ಬೆಂಗಳೂರಿನಲ್ಲಿ ಕಛೇರಿ ಇಟ್ಟುಕೊಂಡಿದ್ದೀರಿ. ಗದಗಿನವರಿಗೂ ಜೂನ್ ಎಂದರೆ ಸ್ಮರಣೆಯ ತಿಂಗಳೇ. ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದದ್ದು 1944ರ ಜೂನ್‌ನಲ್ಲಿ. ಕಣ್ಣಿಲ್ಲದ ಆ ಮಹಾನುಭಾವರು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕರಗತ ಮಾಡಿಕೊಂಡು, ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಅವರಂಥವರು ಆ ನೆರಳಿನಲ್ಲಿ ಬೆಳೆದವರು. ಪಂಚಾಕ್ಷರಿ ಗವಾಯಿಗಳ ನಂತರ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಹೊತ್ತರು. ನಮಗೆಲ್ಲ ಅವರು ಪುಟ್ಟಯ್ಯಜ್ಜ.

ಅಜ್ಜಾರ ತುಲಾಭಾರ ನೀನು ನೋಡಲಿಲ್ಲ. ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಅದೊಂದು ಜಾತ್ರೆಯೇ. ತಕ್ಕಡಿಯ ಒಂದು ಕಡೆ ಅಜ್ಜಾರು, ಇನ್ನೊಂದು ಕಡೆ ನಾಣ್ಯ, ಬೆಲ್ಲ, ಅಕ್ಕಿ, ಜೋಳ, ಯಾರ ಶಕ್ತಿ ಎಷ್ಟೋ ಅಷ್ಟು. ತೂಗಿದ್ದೆಲ್ಲ ಆಶ್ರಮದ ಮಕ್ಕಳ ಊಟಕ್ಕೆ, ವಿದ್ಯೆಗೆ. ಆಶ್ರಮದ ನಾಟಕ ಕಂಪನಿ ಊರೂರು ತಿರುಗಿ ಗಳಿಸಿದ ದುಡ್ಡೂ ಅದೇ ಒಲೆಗೇ. ಪೇಟಿ, ತಬಲಾ, ಸಾರಂಗಿ, ಪಿಟೀಲು, ಯಾವುದು ಮುಟ್ಟಿದರೂ ನುಡಿಯುತ್ತಿತ್ತು ಅವರ ಕೈಯಲ್ಲಿ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ಅಜ್ಜಾರು ಹೋದರು. ಆ ದಿನ ಗದಗಿನ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನಜಂಗುಳಿಯಲ್ಲಿ ನಾನೂ ಇದ್ದೆ. ನನ್ನ ಮುಂದೆ ಕುರುಡ ಮುದುಕರೊಬ್ಬರು ಇನ್ನೊಬ್ಬರ ಹೆಗಲ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಿದ್ದರು. ಆ ಹೊತ್ತಿಗೆ ನನಗೆ ನನ್ನದೊಂದು ಹಳೆಯ ತಪ್ಪು ನೆನಪಾಗಿ ಕಣ್ಣು ತುಂಬಿಬಂತು. ನಿನಗೆ ಹೇಳಬೇಕೆಂದು ಹೊರಟಿದ್ದು ಅದನ್ನೇ.

ಆಗ ನನಗೆ ಮೂವತ್ತರ ಆಸುಪಾಸು. ಬೆಟಗೇರಿಯ ಸೋದರಮಾವನ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಪೇಟಿ ಕಲಿತು, ಸುತ್ತಲ ಊರುಗಳಲ್ಲಿ ಭಜನೆಗೆ, ಗಾಯನಕ್ಕೆ ಸಾಥ್ ಕೊಡುತ್ತ ನಾಲ್ಕು ಜನರ ಕಿವಿಗೆ ಬಿದ್ದಿದ್ದೆ. ಲಕ್ಷ್ಮೇಶ್ವರದ ಕಡೆ ಒಂದು ಊರಿನಲ್ಲಿ ತೀರಿಹೋದ ಸಂಗೀತದ ಮಾಸ್ತರರೊಬ್ಬರ ಸ್ಮರಣೆಗೆ ಅಹೋರಾತ್ರಿ ಸಂಗೀತ. ಸಂಭಾವನೆ ಇಲ್ಲ, ಎಲ್ಲರದೂ ಸೇವೆ. ನನಗೆ ಪೇಟಿಯ ಸೋಲೊ ನುಡಿಸಲು ಕಾಲು ತಾಸು ಕೊಟ್ಟಿದ್ದರು. ಮಧ್ಯರಾತ್ರಿಗೆ ಮೊದಲೇ ಸಿಗುತ್ತದೆಂದುಕೊಂಡಿದ್ದೆ. ದೊಡ್ಡವರೆಲ್ಲ ಹಾಡಿ ನನ್ನ ಸರದಿ ಬಂದಾಗ ಮೂರೂವರೆ. ಅರ್ಧ ಮಂದಿ ಗುಡಿಯ ಕಟ್ಟೆಯ ಮೇಲೆ ಮಲಗಿದ್ದರು. ಮನಸ್ಸಿನಲ್ಲಿ ಕುದಿಯುತ್ತಲೇ ಭೈರವ ನುಡಿಸಿದೆ. ಕುದಿಯುವವನ ಭೈರವ ಹೇಗಿದ್ದೀತು, ನೀನೇ ಎಣಿಸಿಕೋ.

ಮುಗಿಸಿ ಪೇಟಿ ಮುಚ್ಚುತ್ತಿದ್ದೆ. ನಡೆಸಿಕೊಡುತ್ತಿದ್ದ ಹಿರಿಯರು ಬಗ್ಗಿ ಕಿವಿಯಲ್ಲಿ ಹೇಳಿದರು: "ಮಾಸ್ತರ್, ಮುಂದ ಒಂದು ಹುಡುಗ ಹಾಡತೈತ್ರಿ. ಕಣ್ಣಿಲ್ಲ ಪಾಪ. ಅವಗ ಪೇಟಿ ಹಿಡಿಯಾಕ ಯಾರೂ ಇಲ್ಲ. ಒಂದೀಟು ಕುಂದರ್ರಿ." ನಾನು ಬಸ್ಸಿನ ನೆವ ಹೇಳಿದೆ. ಬೆಳಗಿನ ಮೊದಲ ಬಸ್ಸು ಹಿಡಿದು ಶಿರಹಟ್ಟಿ ಹಾಯ್ದು ಊರು ಸೇರಬೇಕು, ಶಾಲೆಗೆ ಹೊತ್ತಾಗುತ್ತದೆ ಎಂದೆ. ಆ ದಿನ ರವಿವಾರ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಮತ್ತೊಂದು ಮಾತಾಡಲಿಲ್ಲ. ನಾನು ಪೇಟಿಯ ಕೊಂಡಿ ಹಾಕಿದೆ.

ಬಸ್ಸು ಬಂದದ್ದು ಎರಡು ತಾಸಿನ ಮೇಲೆ. ಥಂಡಿಯಲ್ಲಿ ಪೇಟಿ ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಕೂತಿದ್ದೆ. ತಂಬೂರಿ, ತಬಲಾ ಎರಡರ ಮೇಲೇ ಆ ಹುಡುಗ ಹಾಡಿದನಂತೆ. ಹೇಗೆ ಹಾಡಿದ ಎಂದು ಕೇಳುವ ಧೈರ್ಯ ನನಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟೊತ್ತಿಗೆ ಹೇಳಬಲ್ಲ ಹಿರಿಯರೇ ಇರಲಿಲ್ಲ. ಅವನ ಹೆಸರು ಕೂಡ ನನಗೆ ಗೊತ್ತಿಲ್ಲ.

ಯಾರ ಸ್ಮರಣೆಗೆ ಹೋಗಿದ್ದೆನೋ ಆ ಮಾಸ್ತರರು ಬದುಕಿಡೀ ಮಾಡಿದ್ದು ಅದೊಂದೇ ಕೆಲಸ: ಹಾಡುವ ಹುಡುಗರ ಪಕ್ಕದಲ್ಲಿ ಕೂತು ಶ್ರುತಿ ಹಿಡಿಯುವುದು. ನಾನು ಅವರ ಫೋಟೋಕ್ಕೆ ಹಾರ ಹಾಕಿ, ಅವರ ಕೆಲಸ ಬಿಟ್ಟು ಎದ್ದು ಬಂದೆ. ಆಮೇಲೆ ಎಷ್ಟೋ ಹುಡುಗರಿಗೆ ಸಾಥ್ ಕೊಟ್ಟಿದ್ದೇನೆ, ಬೆಳತನಕ ಕೂತಿದ್ದೇನೆ. ಆ ಒಂದು ಬೆಳಗು ಮಾತ್ರ ಹಾಗೇ ಉಳಿದಿದೆ.

ಈಗ ನಿನ್ನ ವಿಷಯ. ಹೆಸರಾದ ಗಿಟಾರಿನವರೊಬ್ಬರ ನಂತರ ನಿನ್ನದು, ಕೊನೆಗೆ ಶಾಲೆಯ ಹುಡುಗರು ಮೂವರು ನುಡಿಸುತ್ತಾರೆ ಎಂದಿ. ಸರದಿ ಸರಿಯಾಗಿ ಬರಲಿಲ್ಲ ಎಂದು ಬೇಜಾರಾಗಿದೆ ನಿನಗೆ. ಮರುದಿನ ಆಫೀಸು, ನುಡಿಸಿ ಹೊರಟುಬಿಡುತ್ತೇನೆ ಅಜ್ಜಾ ಎಂದಿ. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಹೋಗಬೇಡ ನನ್ನವ್ವ. ಯಾವ ರಾಗ ನುಡಿಸಿದರೆ ಮಾಂಟ್ಗೊಮೆರಿ ಅವರಿಗೆ ಮರ್ಯಾದೆ ಎಂದು ಕೇಳಿದಿಯಲ್ಲ, ನಿನ್ನ ಕೈಗೆ ಕೂತದ್ದನ್ನು ನುಡಿಸು, ಅದರ ಚಿಂತೆ ನನಗಿಲ್ಲ. ನುಡಿಸಿದ ಮೇಲೆ ಗಿಟಾರನ್ನು ಚೀಲಕ್ಕೆ ಹಾಕಬೇಡ. ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿರು. ಆ ಹುಡುಗರ ತಂತಿ ಇಳಿದರೆ ಎದ್ದುಹೋಗಿ ಶ್ರುತಿ ಮಾಡಿಕೊಡು. ಕೈ ನಡುಗಿ ತಾಳ ತಪ್ಪಿದರೆ ಪಕ್ಕಕ್ಕೆ ಕೂತು ಮೆಲ್ಲಗೆ ಹಿಡಿದುಕೋ, ಅವರಿಗಿಂತ ಮುಂದೆ ಹೋಗದ ಹಾಗೆ. ಹೆಬ್ಬೆರಳಿನಿಂದ ನುಡಿಸಿದರೆ ಸಾಕು, ನೆರೆಯವರಿಗೆ ಕೇಳಿಸದಷ್ಟು.

ಗಾಯಕ ಎಂ. ವೆಂಕಟೇಶಕುಮಾರ್ ಅವರು ಪುಟ್ಟಯ್ಯಜ್ಜಾರ ಆಶ್ರಮದಲ್ಲಿ ಹನ್ನೆರಡು ವರ್ಷ ಇದ್ದು ಕಲಿತವರು. ಹನ್ನೆರಡು ವರ್ಷವೆಂದರೆ ಎಷ್ಟು ಮಂದಿಯ ಹಾಡು ಕೂತು ಕೇಳಿರಬೇಕು, ಲೆಕ್ಕ ಹಾಕು. ನಿನಗೆ ನಾನು ಕೇಳುತ್ತಿರುವುದು ಒಂದು ರಾತ್ರಿ, ಅದರಲ್ಲೂ ಇನ್ನೊಂದು ತಾಸು. ಹೊತ್ತಾದರೆ ಗೆಳತಿಯರ ಜೊತೆಗೇ ಮನೆಗೆ ಹೋಗು, ಒಬ್ಬಳೇ ಆಟೋ ಹತ್ತಬೇಡ. ಮುಟ್ಟಿದ ಮೇಲೆ ಫೋನ್ ಮಾಡು, ಎಷ್ಟೊತ್ತಾದರೂ ಎತ್ತುತ್ತೇನೆ.

ಡಬ್ಬಿಯಲ್ಲಿ ಚೂಡಾ ಸ್ವಲ್ಪ ಹೆಚ್ಚೇ ಇದೆ, ಆ ಹುಡುಗರಿಗೂ ಕೊಡು. ನುಡಿಸಿದ ಮೂವರ ಹೆಸರು, ಊರು ಕೇಳಿಕೊಂಡು ನನಗೆ ಬರೆದು ಕಳಿಸು, ಮರೆಯಬೇಡ.

ಇಂತಿ ನಿನ್ನ ಅಜ್ಜ