ಶಕ್ತಿತಸ್ತಪ: ಉಪವಾಸ ಮತ್ತು ಧಾತುರಕ್ಷಣೆ

ಷೋಡಶಕಾರಣ ಭಾವನೆಗಳಲ್ಲಿ ಏಳನೆಯದು ಶಕ್ತಿತಸ್ತಪ. ಇದ್ದ ಶಕ್ತಿಯನ್ನು ಮರೆಮಾಚದೆ, ಇಲ್ಲದ ಶಕ್ತಿಯನ್ನು ಆರೋಪಿಸಿಕೊಳ್ಳದೆ ತಪಸ್ಸನ್ನು ಆಚರಿಸುವುದೇ ಅದರ ಅಭಿಪ್ರಾಯ. ನಮ್ಮ ಶ್ರಾವಕ ಶ್ರಾವಿಕೆಯರು ಇದರ ಮೊದಲ ಭಾಗವನ್ನು ಚೆನ್ನಾಗಿ ನೆನಪಿಟ್ಟಿದ್ದಾರೆ. ಎರಡನೆಯ ಭಾಗವು ಮಾತ್ರ ದಶಲಕ್ಷಣ ಪರ್ವದ ಉತ್ಸಾಹದಲ್ಲಿ ಮರೆತುಹೋಗುವುದುಂಟು. ಆದಕಾರಣ ಶಕ್ತಿಯೆಂದರೇನು, ಅದು ದೇಹದಲ್ಲಿ ಎಲ್ಲಿದೆ, ಉಪವಾಸದಲ್ಲಿ ಹೇಗೆ ವೆಚ್ಚವಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಇತ್ತೀಚೆಗೆ ಚಿಕ್ಕೋಡಿ, ನಿಪ್ಪಾಣಿಯಂಥ ಪೇಟೆಗಳ ಮನೆಗಳಲ್ಲಿಯೂ ‘ಡಿಟಾಕ್ಸ್’ ಎಂಬ ಹೊಸ ಮಾತು ಕೇಳಿಬರುತ್ತಿದೆ. ಹಲವು ದಿನ ಉಪವಾಸವಿದ್ದರೆ ದೇಹದೊಳಗಿನ ವಿಷವೆಲ್ಲ ತೊಳೆದುಹೋಗುವುದೆಂದು ಅದರ ಅರ್ಥವಂತೆ. ನಮ್ಮ ನೋಂಪಿಗಳನ್ನೂ ಇದೇ ಸಾಲಿಗೆ ಸೇರಿಸಿ ಹೊಗಳುವವರಿದ್ದಾರೆ. ಈ ಹೊಗಳಿಕೆಯನ್ನು ನಾವು ಸ್ವೀಕರಿಸಬೇಕಾಗಿಲ್ಲ. ದ್ವಾದಶಾನುಪ್ರೇಕ್ಷೆಗಳಲ್ಲಿ ಅಶುಚಿಭಾವನೆಯನ್ನು ಓದಿದವರು ದೇಹವನ್ನು ತೊಳೆದು ಶುದ್ಧಗೊಳಿಸಲು ಅನಶನ ಮಾಡಲಾರರು. ನಮ್ಮ ಅನಶನವು ಕರ್ಮನಿರ್ಜರೆಗಾಗಿ. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ದೇಹದ ಮಲಿನಾಂಶಗಳನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ದಿನವೂ ಹೊರಹಾಕುತ್ತಲೇ ಇರುತ್ತವೆ. ಆ ಕೆಲಸಕ್ಕೆ ಮೂತ್ರಪಿಂಡಗಳಿಗೆ ನೀರು ಬೇಕು. ನಿರ್ಜಲ ಉಪವಾಸದಲ್ಲಿ ಅವುಗಳ ಕೆಲಸವು ಕಠಿಣವಾಗುವುದೇ ಹೊರತು ಹಗುರವಾಗುವುದಿಲ್ಲ.

ಇನ್ನು ದೇಹದೊಳಗಿನ ವ್ಯವಹಾರವನ್ನು ನೋಡೋಣ. ಉತ್ತಮ ಪ್ರೋಷಧೋಪವಾಸವು ಹದಿನಾರು ಪ್ರಹರಗಳದು. ಸಪ್ತಮಿಯ ಮಧ್ಯಾಹ್ನ ಏಕಾಶನವಾದ ಮೇಲೆ ಅಷ್ಟಮಿಯನ್ನು ಕಳೆದು ನವಮಿಯ ಮಧ್ಯಾಹ್ನದ ಏಕಾಶನದವರೆಗೆ 48 ಗಂಟೆಗಳು. ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವು ಸುಮಾರು 100 ಗ್ರಾಂ ಇರುತ್ತದೆ. ಒಂದು ದಿನದೊಳಗೆ ಅದು ಬಹುಮಟ್ಟಿಗೆ ತೀರುತ್ತದೆ. ಆಮೇಲೆ ಮೇದೋಧಾತು ಕರಗತೊಡಗುತ್ತದೆ. ಆದರೆ ಮಿದುಳು ಮೊದಮೊದಲು ಸಕ್ಕರೆಯನ್ನೇ ಬೇಡುವುದರಿಂದ, ಅದನ್ನು ತಯಾರಿಸಲು ದೇಹವು ತನ್ನ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಒಡೆಯುತ್ತದೆ. ಮೊದಲ ಕೆಲವು ದಿನಗಳಲ್ಲಿ ಈ ನಷ್ಟವು ದಿನಕ್ಕೆ ಸುಮಾರು 75 ಗ್ರಾಂ. ಅದರಲ್ಲಿ ಬಹುಪಾಲು ಮಾಂಸಧಾತುವಿನಿಂದಲೇ ಬರುತ್ತದೆ. ದಿನಗಳೆದಂತೆ ಮಿದುಳು ಮೇದಸ್ಸಿನಿಂದ ಹುಟ್ಟುವ ಕೀಟೋನುಗಳನ್ನು ಬಳಸಲು ಕಲಿಯುತ್ತದೆ; ಮೂರು ವಾರಗಳ ಹೊತ್ತಿಗೆ ನಷ್ಟವು 20 ಗ್ರಾಂ ಸುಮಾರಿಗೆ ಇಳಿಯುತ್ತದೆ. ಇಳಿಯುವುದೇ ಹೊರತು ನಿಲ್ಲುವುದಿಲ್ಲ.

ಆದ್ದರಿಂದ ಆರೋಗ್ಯವಂತರಿಗೆ ಅಷ್ಟಮಿ ಚತುರ್ದಶಿಗಳ ಒಂದು ದಿನದ ಉಪವಾಸದಿಂದ ಭಯವಿಲ್ಲ. ಕಳೆದದ್ದು ಮುಂದಿನ ಊಟಗಳಲ್ಲಿ ತುಂಬಿಬರುತ್ತದೆ. ವಿಚಾರ ಮಾಡಬೇಕಾದುದು ಸಾಲುಸಾಲಾಗಿ ಕೈಗೊಳ್ಳುವ ಉಪವಾಸಗಳ ವಿಷಯ. ಇಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿಯಿದೆ. ಮೇದಸ್ಸು ಸಮೃದ್ಧವಾಗಿರುವವನ ತೂಕವು ಒಂದು ಕಿಲೋ ಇಳಿದರೆ ಅದರಲ್ಲಿ ಕೊಬ್ಬಿನ ಪಾಲು ಹೆಚ್ಚು. ಕೃಶನಾದವನ ತೂಕವು ಅಷ್ಟೇ ಇಳಿದರೆ ಅದರಲ್ಲಿ ಮಾಂಸದ ಪಾಲು ಹೆಚ್ಚು. ಒಂದೇ ವ್ರತ, ಒಂದೇ ಎಣಿಕೆಯ ದಿನಗಳು. ಆದರೆ ಅಕ್ಕಪಕ್ಕದಲ್ಲಿ ಕುಳಿತ ಇಬ್ಬರು ತೆರುವ ಬೆಲೆ ಬೇರೆ. ಮೊದಲ ದಿನಗಳಲ್ಲಿ ತಕ್ಕಡಿಯ ಮೇಲೆ ಕಾಣುವ ಇಳಿಕೆಯಂತೂ ಬಹುತೇಕ ನೀರು. ಅದನ್ನು ಕಂಡು ಹಿಗ್ಗುವುದು ವ್ಯರ್ಥ.

ಮೇದಸ್ಸನ್ನು ಶತ್ರುವೆಂದು ಬಗೆಯುವುದೂ ತಪ್ಪು. ಪುರುಷರಲ್ಲಿ ದೇಹದ ತೂಕದ ನೂರಕ್ಕೆ 2ರಿಂದ 5, ಸ್ತ್ರೀಯರಲ್ಲಿ 10ರಿಂದ 13 ಭಾಗದಷ್ಟು ಕೊಬ್ಬು ಜೀವಧಾರಣೆಗೇ ಅವಶ್ಯಕ. ಆರೋಗ್ಯಕ್ಕೆ ಇನ್ನೂ ಹೆಚ್ಚು ಬೇಕು. ಅತಿಯಾಗಿ ಕರಗಿದರೆ ಸ್ತ್ರೀಯರಲ್ಲಿ ಋತುಚಕ್ರವು ತಪ್ಪುತ್ತದೆ, ಎಲುಬು ಕ್ಷೀಣಿಸುತ್ತದೆ. ನಮ್ಮಲ್ಲಿ ನೋಂಪಿಗಳ ಭಾರವನ್ನು ಹೊರುವವರು ಹೆಚ್ಚಾಗಿ ತಾಯಂದಿರೇ ಆದುದರಿಂದ ಈ ಮಾತನ್ನು ಮನೆಯ ಯಜಮಾನರು ಓದಬೇಕು.

ನಮ್ಮ ಭಾಗದ ತಪಸ್ವಿಗಳನ್ನು ನೆನೆಯದೆ ಈ ವಿಷಯವು ಮುಂದುವರಿಯದು. ಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು ದೂಧಗಂಗಾ ವೇದಗಂಗಾ ಸಂಗಮದ ಭೋಜ ಗ್ರಾಮದವರು. ಗೃಹಸ್ಥಾವಸ್ಥೆಯಲ್ಲಿ ಸಾತಗೌಡರಾಗಿದ್ದಾಗ ಮುನಿಗಳನ್ನು ಹೆಗಲಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ಒಕ್ಕಲುತನದಲ್ಲಿ ಬಲಿತ ಆ ದೇಹವೇ ಮುಂದೆ ದೀರ್ಘ ವಿಹಾರಗಳನ್ನೂ ಅಸಂಖ್ಯ ಉಪವಾಸಗಳನ್ನೂ ತಾಳಿಕೊಂಡಿತು. ದೃಷ್ಟಿ ಮಂದವಾಗಿ ಜೀವದಯೆಯನ್ನು ಪಾಲಿಸುವುದು ಅಸಾಧ್ಯವೆನಿಸಿದಾಗ, 1955ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಕಾಯವನ್ನು ಕೃಶಗೊಳಿಸುವುದಕ್ಕೆ ಶಾಸ್ತ್ರವು ಕಾಲವನ್ನು ಹೇಳಿದೆ: ಉಪಸರ್ಗ, ದುರ್ಭಿಕ್ಷ, ಜರೆ, ಪ್ರತಿಕಾರವಿಲ್ಲದ ರೋಗ. ಇವಾವುವೂ ಇಲ್ಲದ ಮೂವತ್ತು ವರ್ಷದ ಗೃಹಸ್ಥನಿಗೆ ದೇಹವು ಧರ್ಮಸಾಧನ. ಅದನ್ನು ಅಕಾಲದಲ್ಲಿ ಸವೆಸಲು ಯಾರೂ ಹೇಳಿಲ್ಲ.

ಹಾಗಾದರೆ ಗೃಹಸ್ಥನು ಹೇಗೆ ನಡೆಯಬೇಕು? ಉಪವಾಸದ ದಿನಕ್ಕಿಂತ ಧಾರಣೆ ಮತ್ತು ಪಾರಣೆಗಳ ದಿನಗಳಲ್ಲಿಯೇ ಧಾತುರಕ್ಷಣೆಯು ನಡೆಯುತ್ತದೆ. 65 ಕಿಲೋ ತೂಕದ ಪುರುಷನಿಗೆ ನಿತ್ಯವೂ ಸುಮಾರು 54 ಗ್ರಾಂ, 55 ಕಿಲೋ ತೂಕದ ಸ್ತ್ರೀಗೆ ಸುಮಾರು 46 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಗೊತ್ತುಪಡಿಸಿದೆ. ಅಥಣಿ, ರಾಯಬಾಗದ ಅಡುಗೆಮನೆಗೆ ಇದು ದೊಡ್ಡ ಮಾತೇನಲ್ಲ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 20, 50 ಗ್ರಾಂ ಹೆಸರುಬೇಳೆಯಲ್ಲಿ 12, ಒಂದು ಹಿಡಿ ಶೇಂಗಾದಲ್ಲಿ 7, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ ದೊರೆಯುತ್ತದೆ. ಕಂದಮೂಲವಾಗಲಿ ಹಸಿರು ಪಲ್ಯವಾಗಲಿ ಇದಕ್ಕೆ ಬೇಕಿಲ್ಲ. ಭಾದ್ರಪದವು ಹೊಸ ಹೆಸರು ಮನೆಗೆ ಬರುವ ಕಾಲವೂ ಹೌದು.

ಏಕಾಶನದಲ್ಲಿ ಒಂದು ತೊಡಕಿದೆ. ಒಂದೇ ಸಲ ಉಣ್ಣುವುದೆಂದು ಅನ್ನ, ತುಪ್ಪ, ಹೋಳಿಗೆಗಳಿಂದಲೇ ಹೊಟ್ಟೆ ತುಂಬಿದರೆ ಬೇಳೆಗೆ ಸ್ಥಳವುಳಿಯದು. ಬೇಳೆಯೊಡನೆ ಮೊಸರು ಮಜ್ಜಿಗೆಗಳನ್ನು ಬೆರೆಸಿದರೆ ದ್ವಿದಳದೋಷ. ಆದುದರಿಂದ ಬೇಳೆ ಉಣ್ಣುವ ದಿನ ಮಜ್ಜಿಗೆಯನ್ನು ಬಿಡಬೇಕು, ಮಜ್ಜಿಗೆಯ ದಿನ ಶೇಂಗಾ, ಬೇಳೆಗಳನ್ನು ಬಿಡಬೇಕು. ರಸಪರಿತ್ಯಾಗದಲ್ಲಿ ಹಾಲು ಮೊಸರನ್ನು ತಿಂಗಳುಗಟ್ಟಲೆ ತೊರೆದವರು ಕಾಳುಬೇಳೆಗಳನ್ನು ಹೆಚ್ಚಿಸಿಕೊಳ್ಳತಕ್ಕದ್ದು. ಉಪ್ಪನ್ನು ತ್ಯಜಿಸಿದ ದಿನ ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸುವ ಕೆಲಸ ಬೇಡ.

ಮಾಂಸಧಾತುವು ಕೇವಲ ಉಣ್ಣುವುದರಿಂದ ಉಳಿಯುವುದಿಲ್ಲ, ಅದಕ್ಕೆ ಕೆಲಸವೂ ಬೇಕು. ಉಪವಾಸದ ದಿನ ಬಸದಿಗೆ ನಡೆದು ಹೋಗಿ ಬಂದರೆ ಸಾಕು, ಭಾರ ಎತ್ತಬಾರದು. ಪಾರಣೆಯಾಗಿ ಎರಡು ಮೂರು ದಿನ ಕಳೆದ ಮೇಲೆ ಎಂದಿನ ಹೊಲಮನೆಯ ಕೆಲಸಕ್ಕೆ ಮರಳಬೇಕು. ವ್ರತ ಮುಗಿಯಿತೆಂದು ಹದಿನೈದು ದಿನ ಮಲಗಿರುವುದು ಮಾಂಸಧಾತುವಿಗೆ ಹಾನಿಕರ. ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಪಂಚಾಂಗ ನಮಸ್ಕಾರ ಮಾಡಿ ಎಂದಿನಂತೆ ಕೈಯೂರದೆ ಏಳುತ್ತಿದ್ದವರು ಪರ್ವ ಕಳೆದು ತಿಂಗಳಾದರೂ ಕೈಯೂರಿಯೇ ಏಳಬೇಕಾಗಿ ಬಂದರೆ, ಕಳೆದುಕೊಂಡ ಮಾಂಸವು ಮರಳಿಲ್ಲವೆಂದು ತಿಳಿಯಬೇಕು. ಅರವತ್ತು ದಾಟಿದವರಲ್ಲಿ ಅದು ಮರಳುವುದು ಬಲು ನಿಧಾನ.

ಐದು ದಿನಗಳಿಗೂ ಮೀರಿದ ಉಪವಾಸದ ಪಾರಣೆಯು ಉಪವಾಸಕ್ಕಿಂತ ಅಪಾಯಕರವಾಗಬಲ್ಲದು. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನರು ಹೊಟ್ಟೆತುಂಬ ಉಂಡು ಪ್ರಾಣ ಕಳೆದುಕೊಂಡದ್ದನ್ನು ವೈದ್ಯರು ಕಂಡಿದ್ದಾರೆ. ಒಮ್ಮೆಲೇ ಸಕ್ಕರೆ ಪಿಷ್ಟಗಳು ಒಳಗೆ ಬಂದಾಗ ರಕ್ತದಲ್ಲಿಯ ಫಾಸ್ಫೇಟು ಮುಂತಾದ ಲವಣಗಳು ಕುಸಿದು ಹೃದಯದ ಗತಿ ತಪ್ಪುತ್ತದೆ. ಆದಕಾರಣ ಮೊದಲು ಹೆಸರುಬೇಳೆಯ ಕಟ್ಟು, ತೆಳುವಾದ ಗಂಜಿ. ಎಂದಿನ ಅರ್ಧಕ್ಕಿಂತ ಕಡಿಮೆ ಆಹಾರ. ಹಲವು ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸುವುದು. ಅದೂ ವೈದ್ಯರ ತಪಾಸಣೆಯಲ್ಲಿ. ಮೆರವಣಿಗೆ ಮಾಡಿ, ಬೀಗರೆಲ್ಲ ಸೇರಿ, ಹೂರಣದ ಹೋಳಿಗೆ ಬಡಿಸಿ ಪಾರಣೆ ಮಾಡಿಸುವ ರೂಢಿಯನ್ನು ಬಿಟ್ಟರೆ ತಪಸ್ವಿಗೆ ದೊಡ್ಡ ಉಪಕಾರವಾಗುತ್ತದೆ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಧುಮೇಹಕ್ಕೆ ಔಷಧ ಸೇವಿಸುವವರು, ಮೊದಲೇ ಕೃಶರಾದವರು ಅನಶನವನ್ನೇ ಹಿಡಿಯಬೇಕೆಂದಿಲ್ಲ. ಬಾಹ್ಯತಪಗಳು ಆರಿವೆ, ಅವಮೌದರ್ಯವು ಅನಶನದ ಪಕ್ಕದಲ್ಲಿಯೇ ಇದೆ. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು. ಒಂದು ತುತ್ತು ಕಡಿಮೆ ಉಂಡರೂ ಅದು ತಪಸ್ಸೇ ಎಂದು ನಮ್ಮ ಪೂರ್ವಾಚಾರ್ಯರು ಎಣಿಸಿದ್ದಾರೆ.

ಪ್ರತ್ಯಾಖ್ಯಾನದ ಕ್ರಮವೂ ವಿಚಾರಾರ್ಹ. ಪರ್ವದ ಮೊದಲ ದಿನವೇ ಎಲ್ಲರೆದುರು ಹತ್ತು ದಿನಗಳ ನಿಯಮವನ್ನು ಒಟ್ಟಿಗೆ ತೆಗೆದುಕೊಂಡವರು ಆರನೆಯ ದಿನ ಕಣ್ಣು ಕತ್ತಲೆಗಟ್ಟಿದರೂ ವ್ರತಭಂಗದ ಭಯದಿಂದ ಬಾಯಿ ಬಿಡುವುದಿಲ್ಲ; ಮನೆಯವರೂ ಒತ್ತಾಯಿಸಲಾರರು. ಅದರ ಬದಲು ದಿನದಿನಕ್ಕೆ ಬೇರೆಬೇರೆಯಾಗಿ ಜಿನಬಿಂಬದ ಮುಂದೆ ಅಥವಾ ಗುರುಗಳ ಬಳಿ ನಿಯಮ ಸ್ವೀಕರಿಸಿದರೆ ಪ್ರತಿದಿನವೂ ತನ್ನ ಶಕ್ತಿಯನ್ನು ನೋಡಿಕೊಳ್ಳಲು ಅವಕಾಶವಿರುತ್ತದೆ. ಎದ್ದು ನಿಂತಾಗ ತಲೆ ತಿರುಗುವುದು, ಎದೆ ಡವಗುಟ್ಟುವುದು, ಮೂತ್ರವು ತೀರ ಕಡಿಮೆಯಾಗುವುದು, ಮಾತು ತಡವರಿಸುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನದ ನಿಯಮವನ್ನು ತೆಗೆದುಕೊಳ್ಳಬಾರದು. ಎದೆಯ ನೋವಾಗಲಿ ಮೂರ್ಛೆಯಾಗಲಿ ಬಂದರೆ ಮರುದಿನದವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.