ಮೆದುಳಿಗೂ ಬೇಕು ಆರೈಕೆ

ಮಂಡಿಪೇಟೆಯ ಅಂಗಡಿಗಳಲ್ಲಿ ಎಪ್ಪತ್ತರ ಹಿರಿಯರೂ ಲೆಕ್ಕವನ್ನು ಬಾಯಲ್ಲೇ ಹೇಳುವುದುಂಟು. ಅದೇ ವಯಸ್ಸಿನ ಇನ್ನೊಬ್ಬರು ಮನೆಯ ದಾರಿಯನ್ನೇ ಮರೆತರೆ, ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಇದು ತಪ್ಪು. ಅರಳುಮರಳು ಮುಪ್ಪಿನ ಗುಣವಲ್ಲ, ರೋಗ.

ಅದರ 14 ಅಪಾಯಕಾರಿ ಅಂಶಗಳನ್ನು ನಿವಾರಿಸಿದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ತಜ್ಞರು ಅಂದಾಜಿಸಿದರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಿಜ್ಞಾನಿಗಳು ಅಧ್ಯಯನಕ್ಕೆ ಆರಿಸಿಕೊಂಡದ್ದು 45 ದಾಟಿದವರನ್ನು. ಆರೈಕೆಯೂ ನಡುವಯಸ್ಸಿನಲ್ಲೇ ಆರಂಭವಾಗಬೇಕು.

1. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಮೆದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಆಗಾಗ ಪರೀಕ್ಷಿಸಿಕೊಳ್ಳಿ. ಮಂಡಕ್ಕಿ-ಮಿರ್ಚಿ ಎಂದಾದರೊಮ್ಮೆ ಸಾಕು.

2. ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

3. ಕಿವಿ ಮಂದವಾದರೆ ನಾಚದೆ ಶ್ರವಣಯಂತ್ರ ಬಳಸಿ. ಕೇಳಿಸದವರು ಮಾತುಕತೆಯಿಂದ ದೂರವಾಗುತ್ತಾರೆ. ಮೆದುಳಿಗೂ ಕೆಲಸ ತಗ್ಗುತ್ತದೆ.

4. ಹಿರಿಯರನ್ನು ಒಂಟಿಯಾಗಿಸಬೇಡಿ. ಭಾನುವಾರದ ಬಲಿಪೂಜೆಗೆ ಕರೆದೊಯ್ಯಿರಿ. ಮನೆಯ ಲೆಕ್ಕ, ಮೊಮ್ಮಕ್ಕಳ ಪಾಠ ಅವರಿಗೂ ಒಪ್ಪಿಸಿ.

ಮರೆವು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಅಥವಾ ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಅಪ್ಪ-ಅಮ್ಮನನ್ನು ಗದರಿಸುವ ಮುನ್ನ ಇದು ನೆನಪಿರಲಿ.