ಗೊಬ್ಬರ ಬೇರಿಗೆ ಸಿಗಲಿ, ಕೆಮ್ಮಣ್ಣಿಗಲ್ಲ

ಮಗಾ, ಹೊಲದ ಜವಾಬ್ದಾರಿ ಈ ವರ್ಷದಿಂದ ನಿನ್ನದು. ಹೊಗೆಸೊಪ್ಪಿನ ನಾಟಿಗೆ ಡಿಎಪಿ ಎಷ್ಟು ಚೀಲ ತರಲಿ ಅಂತ ಕೇಳಿದೆ. ತಂದದ್ದು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಮೊದಲು ತಿಳಿದುಕೋ.

50 ಕೆ.ಜಿ. ಚೀಲದಲ್ಲಿ, ಚೀಲದ ಮೇಲಿನ ಲೆಕ್ಕದಂತೆ, 23 ಕೆ.ಜಿ. ರಂಜಕ ಇರುತ್ತೆ. ಹಾಕಿದ ವರ್ಷ ಬೆಳೆಗೆ ದಕ್ಕೋದು ಸಾಮಾನ್ಯವಾಗಿ ಅದರ ಐದನೇ ಒಂದು ಪಾಲು, ಕೆಲವು ಸಲ ಅಷ್ಟೂ ಇಲ್ಲ. ಮಿಕ್ಕಿದ್ದು ಯೂರಿಯಾದ ಹಾಗೆ ಗಾಳಿಗೆ ಹೋಗೋದಿಲ್ಲ, ನೀರಲ್ಲಿ ಕರಗಿ ಆಳಕ್ಕೆ ಇಳಿಯೋದೂ ಕಡಿಮೆ. ಮಣ್ಣಿಗೇ ಅಂಟಿಕೊಳ್ಳುತ್ತೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮಣ್ಣಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣದ ಆಕ್ಸೈಡೇ ಅಲ್ಯೂಮಿನಿಯಂ ಜೊತೆ ಸೇರಿ ರಂಜಕವನ್ನು ಹಿಡಿದುಬಿಡುತ್ತೆ. ಮಣ್ಣು ಹುಳಿಯಾದಷ್ಟೂ ಹಿಡಿತ ಬಿಗಿ.

ಕೆ.ಆರ್. ನಗರದ ನಾಲೆ ಬಯಲಿನ ಗದ್ದೆ ನೋಡಿ ನಿನ್ನ ಹೊಲಕ್ಕೆ ಲೆಕ್ಕ ಹಾಕಬೇಡ. ಅಲ್ಲಿ ನೀರು ನಿಂತು ಗಾಳಿ ತಪ್ಪಿದಾಗ ಕಬ್ಬಿಣದ ರೂಪ ಬದಲಾಗಿ, ಹಿಡಿದಿಟ್ಟ ರಂಜಕವನ್ನು ಒಂದಿಷ್ಟು ಬಿಟ್ಟುಕೊಡುತ್ತೆ. ಭತ್ತಕ್ಕಿರುವ ಆ ಅನುಕೂಲ ನಿನ್ನ ಒಣಹೊಲದ ಸೊಪ್ಪಿಗೂ ಇಲ್ಲ, ಆಮೇಲೆ ಬಿತ್ತುವ ರಾಗಿಗೂ ಇಲ್ಲ.

ಹಾಗಾಗಿ ಡಿಎಪಿ ಎರಚಬೇಡ. ಎರಚಿದರೆ ಕಾಳು ಕಾಳಿಗೂ ಹೊಸ ಮಣ್ಣು ತಗಲುತ್ತೆ. ಸಸಿಯಿಂದ ನಾಲ್ಕು ಬೆರಳು ಪಕ್ಕಕ್ಕೆ, ನಾಲ್ಕು ಬೆರಳು ಆಳಕ್ಕೆ ಒಂದೇ ಕಡೆ ಹಾಕಿ ಮುಚ್ಚು. ಆಳಿನ ಖರ್ಚು ಜಾಸ್ತಿ ಅನ್ನಬೇಡ, ಎರಚಿ ಕಳೆಯೋ ಗೊಬ್ಬರಕ್ಕೂ ದುಡ್ಡು ಕೊಟ್ಟಿರ್ತೀಯ.

ಅದಕ್ಕೂ ಮುಂಚೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹೊಲಕ್ಕೆ ಬೀಳಬೇಕು. ಅದು ಕಳಿಯುವಾಗ ಬರುವ ಸಾವಯವ ಆಮ್ಲಗಳು ಕಬ್ಬಿಣ, ಅಲ್ಯೂಮಿನಿಯಂನ ಹಿಡಿಯುವ ಜಾಗಗಳನ್ನು ತಾವೇ ಮೊದಲು ತುಂಬುತ್ತವೆ. ಆಮೇಲೆ ಬಂದ ರಂಜಕಕ್ಕೆ ಅಂಟಲು ಜಾಗ ಕಡಿಮೆ. ಎಣ್ಣೆಬಾವಿಯವರಿಗೂ ಇದೇ ತಲೆನೋವು ಗೊತ್ತಾ? ಬಂಡೆಯ ರಂಧ್ರಗಳಲ್ಲಿ ಉಳಿದ ಕಚ್ಚಾ ತೈಲವನ್ನು ಬಿಡಿಸಲು ನೀರಿನ ಜೊತೆ ಸಾಬೂನಿನಂಥ ದುಬಾರಿ ರಾಸಾಯನಿಕ ನುಗ್ಗಿಸುತ್ತಾರೆ. ತೈಲಕ್ಕೆ ತಾಗುವ ಮೊದಲೇ ಅದು ಬಂಡೆಗೆ ಅಂಟಿ ಕಳೆದುಹೋಗುತ್ತೆ. ಅದಕ್ಕೇ ಕಾಗದದ ಕಾರ್ಖಾನೆಗಳಿಂದ ಬರುವ ಅಗ್ಗದ ಲಿಗ್ನೋಸಲ್ಫೊನೇಟನ್ನು ಮುಂದಾಗಿ ಕಳಿಸಿ ಬಂಡೆಗೆ ಅಂಟಿಸುವುದುಂಟು, ಇಲ್ಲವೇ ಸೋಡಾ ಬೆರೆಸಿ ಬಂಡೆಯ ಸೆಳೆತ ತಗ್ಗಿಸುತ್ತಾರೆ. ನಿನ್ನ ಮನೆಯ ತಿಪ್ಪೆಯಲ್ಲಿ ಆ ಕೆಲಸ ಮಾಡೋ ವಸ್ತು ರಾಶಿ ಬಿದ್ದಿದೆ. ಅದನ್ನು ಶುಂಠಿಯವರಿಗೆ ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರಬೇಡ.

ಸುಣ್ಣ ಹಾಕಿದರೂ ಹುಳಿ ತಗ್ಗಿ ಹಿಡಿತ ಸಡಿಲವಾಗುತ್ತೆ. ಆದರೆ ಮಣ್ಣು ಪರೀಕ್ಷೆ ಹೇಳಿದಷ್ಟೇ ಹಾಕು, ಜಾಸ್ತಿಯಾದರೆ ಸುಣ್ಣವೇ ರಂಜಕವನ್ನು ಕಟ್ಟಿಹಾಕುತ್ತೆ. ಡಿಎಪಿ ಜೊತೆ ಬೆರೆಸಲೇಬೇಡ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ.

ಮುಂಗಾರು ಹದ ಆಗೋ ಮುಂಚೆ ಮಣ್ಣು ತೆಗೆ. ಬದು, ಮರದ ನೆರಳು, ತಿಪ್ಪೆ ಹಾಕಿದ ಜಾಗ ಬಿಟ್ಟು ಹತ್ತಾರು ಕಡೆ ಉಳುಮೆ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ.ಯಷ್ಟನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೊಡು. ವರ್ಷಗಟ್ಟಲೆ ಡಿಎಪಿ ಬಿದ್ದ ಹೊಲ ಅದು. ವರದಿಯಲ್ಲಿ ರಂಜಕ ಹೆಚ್ಚು ಅಂತ ಬಂದರೆ, ಅವರು ಹೇಳಿದಷ್ಟು ಚೀಲ ಧೈರ್ಯವಾಗಿ ಕಡಿಮೆ ಮಾಡು.